ಒಂದಿರುಳಿನ ಶಾಸನ

ಕ್ರಿಸ್ಮಸ್ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಹಿಮ, ಹಿಮದ ಮೇಲೆ ಜಾರುವ ಬಂಡಿ, ಬಿಳಿಯ ಗಡ್ಡದ ಮುದುಕ. ಆದರೆ ಅಮೆರಿಕದ ಫ್ಲಾರಿಡಾ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾಗಳ ಕಡಲ ತೀರದ ಊರುಗಳಲ್ಲಿ ಡಿಸೆಂಬರಿನಲ್ಲಿಯೂ ಹಿಮ ಬೀಳುವುದಿಲ್ಲ. ಬಂಡಿ ಜಾರುವಂತಿಲ್ಲವಾದ್ದರಿಂದ ಅಲ್ಲಿಯ ಜನ ದೋಣಿಯನ್ನೇ ಬಂಡಿಯಾಗಿ ಮಾಡಿಕೊಂಡಿದ್ದಾರೆ. ಹಬ್ಬದ ಮುಂಚಿನ ವಾರಗಳಲ್ಲಿ, ಕತ್ತಲಾಗುತ್ತಲೇ, ಫೋರ್ಟ್ ಲಾಡರ್‌ಡೇಲ್, ಸ್ಯಾನ್ ಡಿಯೇಗೋ, ನ್ಯೂಪೋರ್ಟ್ ಬೀಚ್ ಮೊದಲಾದ ಊರುಗಳ ನೀರಿನ ಮೇಲೆ ದೀಪಾಲಂಕೃತವಾದ ದೋಣಿಗಳು ಸಾಲುಗಟ್ಟಿ ಹೊರಡುತ್ತವೆ. ಕೂವೆಯ ಕಂಬವೇ ಕ್ರಿಸ್ಮಸ್ ಮರವಾಗುತ್ತದೆ; ದೋಣಿಯಿಂದ ದೋಣಿಗೆ ಹಾಡು ಹಬ್ಬುತ್ತದೆ; ದಡದಲ್ಲಿ ಮಕ್ಕಳು ತಂದೆಯರ ಹೆಗಲೇರಿ ಕುಳಿತು ನೋಡುತ್ತಾರೆ. ಒಂದೊಂದು ದೀಪಕ್ಕೂ ನೀರಿನಲ್ಲಿ ಇನ್ನೊಂದು ದೀಪ ಹುಟ್ಟುವುದರಿಂದ, ಖರ್ಚು ಒಂದಾದರೆ ಬೆಳಕು ಎರಡು.

ಈ ಸಂಭ್ರಮದ ಒಂದು ಮೂಲ ನ್ಯೂಪೋರ್ಟ್ ಬೀಚಿನಲ್ಲಿದೆ. ಜಾನ್ ಸ್ಕಾರ್ಪಾ ಎಂಬ ಇಟಲಿಯವನೊಬ್ಬ ಅಲ್ಲಿಯ ಕೊಲ್ಲಿಯಲ್ಲಿ ತನ್ನ ನಾಡಿನ ಗೊಂಡೋಲಾ ದೋಣಿಯನ್ನು ನಡೆಸುತ್ತಿದ್ದ. 1908ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದ ರಾತ್ರಿ, ಅವನ ಗೊಂಡೋಲಾ ಮುಂದಾಗಿ, ಎಂಟು ಸಣ್ಣ ದೋಣಿಗಳು ಹಿಂದಾಗಿ, ಜಪಾನೀ ಕಾಗದದ ಲಾಂದ್ರಗಳನ್ನು ತೂಗಿಸಿಕೊಂಡು ಸಾಗಿದವು. ಒಂಬತ್ತು ದೋಣಿಗಳ ಮೆರವಣಿಗೆಗೆ ಕಾನೂನು ಬೇಕೆಂದು ಅಂದು ಅಲ್ಲಿ ಯಾರೂ ಯೋಚಿಸಿರಲಾರರು. ಆದರೆ ಅದೇ ವರ್ಷದ ಏಪ್ರಿಲ್ 28ರಂದು ಅಮೆರಿಕದ ಸಂಸತ್ತು ಒಂದು ಪುಟ್ಟ ಶಾಸನವನ್ನು ಮಾಡಿತ್ತು: ದೋಣಿಯ ಪಂದ್ಯಗಳೂ ಜಲ ಮೆರವಣಿಗೆಗಳೂ ನಡೆಯುವಾಗ ನೀರಿನ ಮೇಲಿನ ಜನರ ಪ್ರಾಣರಕ್ಷಣೆಗಾಗಿ ಆಯಾ ಸಂದರ್ಭಕ್ಕೆ ತಕ್ಕ ನಿಯಮಗಳನ್ನು ಮಾಡಲು ಸರ್ಕಾರಕ್ಕೆ ಅಧಿಕಾರವುಂಟು, ಎಂದು. ಹಬ್ಬವೂ ಅದರ ಕಟ್ಟಳೆಯೂ ಒಂದೇ ಸಂವತ್ಸರದಲ್ಲಿ ಹುಟ್ಟಿದ ಜೋಡಿಗಳೆನ್ನಬಹುದು.

ಆ ಕಾಲದ ಅಮೆರಿಕಕ್ಕೆ ನೀರಿನ ಭಯ ಹೊಸದಾಗಿರಲಿಲ್ಲ. 1904ರ ಜೂನ್ 15ರಂದು ನ್ಯೂಯಾರ್ಕಿನ ಒಂದು ಚರ್ಚಿನವರು ವರ್ಷಂಪ್ರತಿಯ ವನಭೋಜನಕ್ಕೆಂದು ‘ಜನರಲ್ ಸ್ಲೋಕಮ್’ ಎಂಬ ಉಗಿಹಡಗಿನಲ್ಲಿ ಹೊರಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಹಡಗಿಗೆ ಬೆಂಕಿ ಬಿದ್ದಿತು. ತಾಯಂದಿರು ಮಕ್ಕಳಿಗೆ ಬೆಂಡಿನ ರಕ್ಷಾ ಅಂಗಿಗಳನ್ನು ತೊಡಿಸಿ ನೀರಿಗಿಳಿಸಿದರು. ವರ್ಷಗಟ್ಟಲೆ ಯಾರೂ ಮುಟ್ಟಿ ನೋಡದೆ ಇದ್ದ ಆ ಅಂಗಿಗಳು ಒಳಗೇ ಪುಡಿಯಾಗಿದ್ದುವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಂಗಿಗಳು ಇದ್ದುವು, ಲೆಕ್ಕಕ್ಕೂ ಸರಿಯಾಗಿದ್ದುವು. ಇಲ್ಲದಿದ್ದುದು ಅವುಗಳ ಮೇಲಿನ ಲಕ್ಷ್ಯ ಮಾತ್ರ.

ಇಂದು ಅಲ್ಲಿ ದೊಡ್ಡ ಜಲ ಮೆರವಣಿಗೆಯೊಂದನ್ನು ನಡೆಸಬೇಕಾದವರು ಕರಾವಳಿ ಕಾವಲು ಪಡೆಗೆ 135 ದಿನ ಮುಂಚಿತವಾಗಿ ಅರ್ಜಿ ಹಾಕಿಕೊಳ್ಳಬೇಕು. ವರ್ಷ ವರ್ಷವೂ ಅದೇ ಬಗೆಯಲ್ಲಿ ನಡೆದು ಬಂದ ಉತ್ಸವಕ್ಕಾದರೆ 60 ದಿನ ಸಾಕು. ಕ್ರಿಸ್ಮಸ್ಸಿನ ಮೆರವಣಿಗೆಯನ್ನು ಹೊಸದಾಗಿ ಆರಂಭಿಸುವವರು ಮಳೆಗಾಲದಲ್ಲಿಯೇ ಲೆಕ್ಕಣಿಕೆ ಹಿಡಿಯಬೇಕೆಂದಾಯಿತು. ಎಷ್ಟು ದೋಣಿ, ಯಾವ ದಾರಿ, ಎಷ್ಟು ಹೊತ್ತು, ನೋಡಲು ಬರುವ ದೋಣಿಗಳೆಷ್ಟು, ಇವೆಲ್ಲವನ್ನೂ ತಿಳಿಸಬೇಕು. ಆ ಮೇಲೆ, ವಿಶೇಷ ನಿಯಮ ಬೇಕೆಂದು ಕಂಡರೆ, ಅದರ ಕರಡು ಸರ್ಕಾರದ ದಿನಪ್ರಕಟಣೆಯಲ್ಲಿ ಅಚ್ಚಾಗುತ್ತದೆ. ಸಾಮಾನ್ಯವಾಗಿ ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳುತ್ತಾರೆ. ಈ ನಿಯಮದಿಂದ ಸಣ್ಣ ವ್ಯಾಪಾರಿಗಳಿಗೆ ಎಷ್ಟು ತೊಂದರೆ, ಆ ಹೊತ್ತಿನಲ್ಲಿ ಬೇರೆ ದೋಣಿಗಳಿಗೆ ದಾರಿಯುಂಟೆ ಎಂಬುದನ್ನು ಕೂಡ ಅದೇ ಪತ್ರದಲ್ಲಿ ವಿವೇಚಿಸುತ್ತಾರೆ. ನಿಯಮದ ಸಂಖ್ಯೆಯೊಳಗೆ ‘ತಾತ್ಕಾಲಿಕ’ ಎಂಬುದರ ಗುರುತಾಗಿ ‘ಟಿ’ ಎಂಬ ಅಕ್ಷರವೊಂದನ್ನು ಸೇರಿಸುತ್ತಾರೆ. ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ, ಇಂಥ ಅಕ್ಷಾಂಶ ರೇಖಾಂಶಗಳ ನಡುವಣ ನೀರಿನಲ್ಲಿ ಮಾತ್ರ ಅದಕ್ಕೆ ಜೀವ. ಮೆರವಣಿಗೆ ಮುಗಿಯಿತೆಂದರೆ ನಿಯಮವೂ ಮುಗಿಯಿತು.

ರಾಜಶಾಸನಗಳನ್ನು ಆಚಂದ್ರಾರ್ಕವಾಗಿ ನಿಲ್ಲಲೆಂದು ಕಲ್ಲಿನಲ್ಲಿ ಕೊರೆಯಿಸಿದ ನಾಡಿನವರಿಗೆ, ಒಂದಿರುಳು ಬದುಕಿ ಸಾಯುವ ಈ ಶಾಸನ ವಿಚಿತ್ರವಾಗಿ ತೋರಬಹುದು. ಆದರೆ ಅದರ ವಿವೇಕವಿರುವುದು ಈ ಅಲ್ಪಾಯುಸ್ಸಿನಲ್ಲಿಯೇ. ಅಧಿಕಾರ ತನ್ನ ಕೊನೆಯ ಗಳಿಗೆಯನ್ನು ತಾನೇ ಬರೆದುಕೊಂಡು ಬಂದಾಗ ಪ್ರಜೆಗೆ ಅದನ್ನು ಪಾಲಿಸುವುದು ಕಷ್ಟವಾಗದು.

ಆ ನಿಯಮ ಹೇಳುವುದಾದರೂ ಏನು? ಮೆರವಣಿಗೆಯ ದಾರಿಯೊಳಗೆ ಅಪ್ಪಣೆಯಿಲ್ಲದೆ ಯಾರೂ ಹೋಗಬಾರದು, ಅಡ್ಡ ಹಾಯಬಾರದು, ಲಂಗರು ಹಾಕಬಾರದು. ಹೋಗಲೇಬೇಕಾದವರು ಬಂದರಿನ ಅಧಿಕಾರಿಯನ್ನಾಗಲಿ ಅವನು ನೇಮಿಸಿದ ಗಸ್ತಿನವರನ್ನಾಗಲಿ ಕೇಳಿ, ಅವರು ಹೇಳಿದಂತೆ ಸಾಗಬೇಕು. ಕೇಳುವುದಕ್ಕೆ ದೋಣಿಯ ರೇಡಿಯೋದಲ್ಲಿ 16ನೆಯ ಚಾನೆಲ್ ಉಂಟು; ಕಡಲಿನವರೆಲ್ಲರೂ ಆಪತ್ತಿನಲ್ಲಿ ಕೂಗುವುದು ಅದರಲ್ಲಿಯೇ. ದೋಣಿಗಳು ನಿಧಾನವಾಗಿ ಚಲಿಸಬೇಕು. ವೇಗವಾಗಿ ಹೋದ ಒಂದು ದೋಣಿಯ ಹಿಂದೆ ಏಳುವ ಅಲೆ ಇಕ್ಕಟ್ಟಾದ ಕಾಲುವೆಯಲ್ಲಿ ಗೋಡೆಗೆ ಬಡಿದು ಹಿಂತಿರುಗಿ, ಹತ್ತಿರದ ಸಣ್ಣ ದೋಣಿಯನ್ನು ತೊಟ್ಟಿಲಿನಂತೆ ತೂಗುತ್ತದೆ. ತೊಟ್ಟಿಲಿನ ಅಂಚಿನಲ್ಲಿ ಮಗು ನಿಂತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಇನ್ನು ದೀಪಗಳ ವಿಷಯ. ರಾತ್ರಿಯ ನೀರಿನಲ್ಲಿ ದೋಣಿಗೆ ದೀಪವೇ ಭಾಷೆ. ಎಡ ಮಗ್ಗುಲಿಗೆ ಕೆಂಪು, ಬಲ ಮಗ್ಗುಲಿಗೆ ಹಸಿರು, ಹಿಂಬದಿಗೆ ಬಿಳಿ. ಇದು ಲೋಕದ ಎಲ್ಲ ಸಮುದ್ರಗಳಿಗೂ ಒಂದೇ ವ್ಯಾಕರಣ. ಅಡ್ಡಲಾಗಿ ಬರುತ್ತಿರುವ ಯಂತ್ರದೋಣಿಯ ಕೆಂಪು ದೀಪ ಕಂಡಿತೆಂದರೆ ಆ ದೋಣಿ ಬಲದಿಂದ ಎಡಕ್ಕೆ ಸಾಗುತ್ತಿದೆ, ದಾರಿ ಬಿಡಬೇಕಾದವನು ನೋಡುತ್ತಿರುವವನೇ, ಎಂದು ಅರ್ಥ. ಕತ್ತಲೆಯಲ್ಲಿ ದೋಣಿಯ ಆಕಾರ ಕಾಣಬೇಕಾಗಿಲ್ಲ. ಬಣ್ಣವೊಂದು ಕಂಡರೆ ಸಾಕು. ಆದರೆ ಕ್ರಿಸ್ಮಸ್ಸಿನ ಬಣ್ಣಗಳೂ ಕೆಂಪು ಹಸಿರುಗಳೇ! ದೋಣಿಯ ಸುತ್ತಲೂ ಆ ಎರಡು ಬಣ್ಣಗಳ ಸರಗಳನ್ನು ತೊಡಿಸಿದಾಗ ವ್ಯಾಕರಣವೆಲ್ಲ ಕಲಸಿಹೋಗುತ್ತದೆ. ಎದುರಿನವನಿಗೆ ಅಂದ ಕಾಣುತ್ತದೆ, ಅರ್ಥ ಕಾಣುವುದಿಲ್ಲ. ನಿಯತ ದೀಪಗಳೆಂದು ಭ್ರಮೆ ಹುಟ್ಟಿಸುವ, ಅಥವಾ ಅವುಗಳನ್ನು ಮಸುಕುಗೊಳಿಸುವ ಬೇರೆ ದೀಪಗಳನ್ನು ತೋರಬಾರದೆಂಬ ಅಂತರರಾಷ್ಟ್ರೀಯ ಕಡಲ ನಿಯಮದ ಉದ್ದೇಶ ಇದೇ. ಎಲ್ಲ ದೋಣಿಗಳೂ ಒಂದೇ ದಿಕ್ಕಿನಲ್ಲಿ, ಒಂದೇ ನಿಧಾನದಲ್ಲಿ, ಅಂತರವಿಟ್ಟುಕೊಂಡು ಹೋಗುವುದು ಇಂಥ ಇರುಳಿನಲ್ಲಿ ಏಕೆ ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದ ಅಪಾಯವೊಂದುಂಟು. ಅದು ಹೊರಗಿನಿಂದ ಬರುವುದಲ್ಲ. ಮೆರವಣಿಗೆಯಲ್ಲಿ ನೋಡತಕ್ಕದ್ದೆಲ್ಲ ಒಂದು ಪಕ್ಕದಲ್ಲಿರುತ್ತದೆ. “ಅಗೋ ನೋಡು!” ಎಂದು ಒಬ್ಬರು ಕೂಗಿದರೆ ದೋಣಿಯಲ್ಲಿದ್ದವರೆಲ್ಲ ಆ ಪಕ್ಕಕ್ಕೆ ನುಗ್ಗುತ್ತಾರೆ. ಮೇಲ್ಭಾಗದಲ್ಲಿ ನಿಂತ ಜನರ ಭಾರ ಒಂದೆಡೆಗೆ ಸರಿದರೆ ದೋಣಿ ವಾಲುತ್ತದೆ. ವಾಲಿದ ಕಡೆಗೆ ಜನ ಇನ್ನಷ್ಟು ಜಾರುತ್ತಾರೆ. ಆ ಮೇಲೆ ಅದನ್ನು ತಡೆಯುವುದು ಯಾರಿಂದಲೂ ಆಗದು. 1915ರ ಜುಲೈ 24ರಂದು ಶಿಕಾಗೋದ ನದಿಯಲ್ಲಿ ‘ಈಸ್ಟ್‌ಲ್ಯಾಂಡ್’ ಎಂಬ ಹಡಗು, ಕಾರ್ಖಾನೆಯೊಂದರ ಕೆಲಸಗಾರರನ್ನೂ ಅವರ ಸಂಸಾರಗಳನ್ನೂ ರಜೆಯ ವಿಹಾರಕ್ಕೆ ಒಯ್ಯಬೇಕಾಗಿದ್ದಾಗ, ದಕ್ಕೆಗೆ ಹಗ್ಗ ಕಟ್ಟಿದಂತೆಯೇ ಮಗುಚಿತು. ಹಡಗು ಮೊದಲೇ ಮೇಲ್ಭಾರದ್ದು. ಕಡಲಿಲ್ಲ, ಬಿರುಗಾಳಿಯಿಲ್ಲ, ದಡ ಕೈಗೆಟುಕುವಷ್ಟು ಹತ್ತಿರ. ಆದರೂ 844 ಮಂದಿ ಸತ್ತರು.

ಆದುದರಿಂದಲೇ ದೋಣಿಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಜೀವರಕ್ಷಕ ಅಂಗಿಗಳು ಇರಲೇಬೇಕೆಂದು ಅಲ್ಲಿಯ ಕಾನೂನು ವಿಧಿಸುತ್ತದೆ. ರಾಜ್ಯದ ಕಾನೂನು ಬೇರೆ ವಯಸ್ಸನ್ನು ಹೇಳಿಲ್ಲದ ಕಡೆಗಳಲ್ಲಿ, 13 ವರ್ಷದೊಳಗಿನ ಮಕ್ಕಳು ಚಲಿಸುತ್ತಿರುವ ದೋಣಿಯ ತೆರೆದ ಭಾಗದಲ್ಲಿ ಅದನ್ನು ತೊಟ್ಟೇ ಇರಬೇಕು. ಮಡಿಸಿ ಪೆಟ್ಟಿಗೆಯಲ್ಲಿಟ್ಟ ಅಂಗಿ ಮುಳುಗುವವನಿಗೆ ಒದಗದು.

ಹಬ್ಬವೆಂದರೆ ಬಿಡುವು, ಬಿಡುವಿನಲ್ಲಿಯೂ ಕಟ್ಟಳೆಯೆ ಎಂದು ಗೊಣಗುವವರು ಎಲ್ಲ ದೇಶಗಳಲ್ಲಿಯೂ ಉಂಟು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅತಿಯಾದ ನಿರ್ಬಂಧದಿಂದ ಉತ್ಸವ ಕವಾಯತಾಗಿಬಿಡುತ್ತದೆ. ಆದರೆ ನಮ್ಮ ಹಿರಿಯರು ಈ ಒಗಟನ್ನು ಎಂದೋ ಬಿಡಿಸಿದ್ದರು. ಚಾಮುಂಡಿ ಬೆಟ್ಟದ ದೇವಿಕೆರೆಯ ತೆಪ್ಪೋತ್ಸವವನ್ನು ಕಂಡವರು ನೆನೆಸಿಕೊಳ್ಳಲಿ. ಅದು ಕೂಡ ದೀಪಾಲಂಕಾರದ ಜಲ ಮೆರವಣಿಗೆಯೇ. ತೆಪ್ಪದ ಮೇಲೆ ಉತ್ಸವಮೂರ್ತಿ, ಅರ್ಚಕರು, ಬೇಕಾದ ನಾಲ್ಕು ಜನ. ಊರೆಲ್ಲ ಮೆಟ್ಟಿಲ ಮೇಲೆ. ತೆಪ್ಪ ಸಾಗುವುದು ನಿಧಾನವಾಗಿ. ಸುತ್ತುವುದು ಪ್ರದಕ್ಷಿಣೆಯಾಗಿ, ಒಂದೇ ದಿಕ್ಕಿಗೆ. ಭಾರದ ಮಿತಿ, ವೇಗದ ಮಿತಿ, ಏಕಮುಖ ಸಂಚಾರ, ಪ್ರೇಕ್ಷಕರಿಗೆ ಬೇರೆ ಸ್ಥಳ: ಅಮೆರಿಕದ ಗೆಜೆಟ್ಟಿನಲ್ಲಿ ಅಚ್ಚಾಗುವ ಷರತ್ತುಗಳೆಲ್ಲ ಇಲ್ಲಿ ಸಂಪ್ರದಾಯದ ವೇಷದಲ್ಲಿವೆ. ಅವುಗಳನ್ನು ನಿರ್ಬಂಧವೆಂದು ಯಾರೂ ಭಾವಿಸುವುದಿಲ್ಲ. ಹಬ್ಬದ ಸೊಬಗೆಂದೇ ಭಾವಿಸುತ್ತಾರೆ.

ಆದರೆ ದೇವರ ತೆಪ್ಪಕ್ಕೆ ತೋರುವ ಈ ಎಚ್ಚರ ಭಕ್ತರ ದೋಣಿಗೆ ದೊರೆಯುವುದಿಲ್ಲವೆಂಬುದೇ ದುಃಖ. ಕಾರವಾರದ ಎದುರಿಗೆ ಕಡಲಿನಲ್ಲಿ ಕೂರ್ಮಗಡವೆಂಬ ನಡುಗಡ್ಡೆಯಿದೆ. ಅಲ್ಲಿಯ ನರಸಿಂಹ ದೇವರ ಜಾತ್ರೆಗೆ ದೋಣಿಯೊಂದೇ ದಾರಿ. 2019ರ ಜನವರಿ 21ರಂದು, ಜಾತ್ರೆಯ ದಿನವೇ, ಯಾತ್ರಿಕರ ದೋಣಿಯೊಂದು ಮಗುಚಿ 16 ಮಂದಿ ನೀರುಪಾಲಾದರು. ಅವರಲ್ಲಿ ಮಕ್ಕಳೂ ಇದ್ದರು. ಹಣ್ಣುಕಾಯಿಯ ಬುಟ್ಟಿ ಹಿಡಿದು ಹೊರಟವರು. ದೋಣಿಯ ವಿದ್ಯೆ ತಿಳಿದವರಲ್ಲ, ತಿಳಿದಿರಬೇಕೆಂದು ಕೇಳುವುದೂ ನ್ಯಾಯವಲ್ಲ.

ವರ್ಷದಲ್ಲಿ ಒಂದು ದಿನ ಮಾತ್ರ ಸಾವಿರಾರು ಜನ ನೀರಿಗಿಳಿಯುವ ಎಡೆಗೆ, ಆ ಒಂದು ದಿನಕ್ಕೆಂದೇ ಮಾಡಿದ ನಿಯಮ ಬೇಕು. ಉಳಿದ ದಿನಗಳ ಕಾನೂನು ಮೀನುಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದುದು. ಜಾತ್ರೆಯ ದಿನ ದೋಣಿ ಹತ್ತುವವನು ಈಜು ಬಾರದ ಬಯಲುಸೀಮೆಯ ಗೃಹಸ್ಥ. ಎಷ್ಟು ದೋಣಿ, ಒಂದೊಂದರಲ್ಲಿ ಎಷ್ಟು ಜನ, ಯಾವ ಹೊತ್ತಿಗೆ ಕೊನೆಯ ಸರದಿ, ಎಣಿಸುವವರು ಯಾರು, ಗಾಳಿ ಎದ್ದರೆ ನಿಲ್ಲಿಸುವವರು ಯಾರು ಎಂಬಿಷ್ಟನ್ನು ತಿಂಗಳು ಮುಂಚೆಯೇ ಬರೆದು, ದಕ್ಕೆಯಲ್ಲಿ ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ತೂಗುಹಾಕುವುದಕ್ಕೆ ದೊಡ್ಡ ಬೊಕ್ಕಸ ಬೇಕಾಗಿಲ್ಲ.

ಸರ್ಕಾರ ಅದನ್ನು ಮಾಡುವವರೆಗೆ ಗೃಹಸ್ಥರು ತಮ್ಮ ಸಂಸಾರದ ಮಟ್ಟಿಗೆ ಒಂದು ತಾತ್ಕಾಲಿಕ ಶಾಸನವನ್ನು ತಾವೇ ಮಾಡಿಕೊಳ್ಳಬಹುದು. ರಜೆಯಲ್ಲಿ ಮಕ್ಕಳೊಡನೆ ಕೆರೆಗೋ ಹೊಳೆಗೋ ಕಡಲಿಗೋ ಹೋದಾಗ, ದೋಣಿಗೆ ಕಾಲಿಡುವ ಮುನ್ನ ಮೂರು ಪ್ರಶ್ನೆ: ಇದರಲ್ಲಿ ಎಷ್ಟು ಜನ ಕೂರಬಹುದು? ಅಂಗಿ ಎಲ್ಲಿ? ತೊಡಿಸುವಿರಾ? ಉತ್ತರ ಸರಿಯಾಗಿ ಬಾರದಿದ್ದರೆ ದಡದಲ್ಲಿಯೇ ಕುಳಿತು ಪುರಿ ತಿನ್ನುತ್ತಾ ನೋಡಬಹುದು. ತೆಪ್ಪೋತ್ಸವವನ್ನು ನಮ್ಮ ಅಜ್ಜಿಯರೆಲ್ಲ ಮೆಟ್ಟಿಲ ಮೇಲೆ ಕುಳಿತೇ ನೋಡಿದರು. ಅವರ ಕಣ್ಣಿಗೆ ದೀಪಗಳೇನೂ ಕಡಮೆಯಾಗಿ ಕಾಣಲಿಲ್ಲ.