ದಿನಕ್ಕೊಂದು ಫೋಟೋ, ಮೂಲೆಯಲ್ಲೊಂದು ಮನೆ

ಒಂದು ಸಣ್ಣ ಪರೀಕ್ಷೆ. ಮೂರು ವಾರದ ಹಿಂದಿನ ಮಂಗಳವಾರ ನೀವು ಏನು ಮಾಡ್ತಿದ್ರಿ? ಕ್ಯಾಲೆಂಡರ್ ತೆಗೆಯದೆ ಹೇಳಬೇಕು. ಬೆಳಿಗ್ಗೆ ಒಂದು ಮೀಟಿಂಗ್ ಇತ್ತು, ಊಟ ಆಯ್ತು, ಆಮೇಲೆ ಇನ್ನೊಂದು ಕಾಲ್ ಇತ್ತು. ಅಷ್ಟೇ ಅಲ್ವಾ? ಗೆಳೆಯನ ಮದುವೆ, ಅಕ್ಕನ ಮನೆ ಗೃಹಪ್ರವೇಶ, ಕೊಡಗಿನ ಟ್ರಿಪ್ಪು ಎಲ್ಲವೂ ಫೋನಿನಲ್ಲಿ ನೂರಾರು ಫೋಟೋಗಳಾಗಿ ಕೂತಿರುತ್ತವೆ. ಉಳಿದ ಮುನ್ನೂರು ಚಿಲ್ಲರೆ ದಿನಗಳಿಗೆ ಮಾತ್ರ ಸಾಕ್ಷಿಯೇ ಇರಲ್ಲ. ವರ್ಷದ ಬಹುಪಾಲು ಕಳೆಯೋದು ಆ ದಿನಗಳಲ್ಲೇ.

ನಾನಿರೋದು ಬನಶಂಕರಿ ಎರಡನೇ ಹಂತದಲ್ಲಿ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಫೋಟೋಗ್ರಫಿ ಕಲಿತವನಲ್ಲ, ಕತ್ತಿಗೆ ದೊಡ್ಡ ಕ್ಯಾಮೆರಾ ನೇತು ಹಾಕಿಕೊಂಡವನೂ ಅಲ್ಲ. ನಾಲ್ಕು ವರ್ಷದಿಂದ ಫೋನಿನಲ್ಲೇ ದಿನಕ್ಕೊಂದು ಫೋಟೋ ತೆಗೆದು, ಜೊತೆಗೆ ಒಂದು ಸಾಲು ಬರೆದು ಇಡ್ತೀನಿ. ಶುರು ಮಾಡಿದ್ದು ಕೈ ಪಳಗಲಿ ಅಂತ. ಈಗ ಮುಂದುವರಿಸ್ತಿರೋ ಕಾರಣವೇ ಬೇರೆ. ಈ ಸಲದ ಅಂಕಣ ಆ ಕಾರಣದ ಬಗ್ಗೆ.

ದಿನಕ್ಕೆ ಒಂದೇ

ಇದೇನೋ ಇನ್‌ಸ್ಟಾಗ್ರಾಂ ಕಾಲದ ಚಾಲೆಂಜ್ ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ಜೇಮಿ ಲಿವಿಂಗ್‌ಸ್ಟನ್ ಎಂಬಾತ 1979ರ ಮಾರ್ಚ್ 31ರಂದು ಪೋಲರಾಯ್ಡ್ ಕ್ಯಾಮೆರಾ ಹಿಡಿದು ಇದನ್ನು ಶುರು ಮಾಡಿದ. ದಿನಕ್ಕೆ ಒಂದೇ ಫೋಟೋ. ಹದಿನೆಂಟು ವರ್ಷ ದಾಟಿದರೂ ನಿಲ್ಲಿಸಲಿಲ್ಲ. 1997ರ ಅಕ್ಟೋಬರ್ 25ರಂದು, ತನ್ನ 41ನೇ ಹುಟ್ಟುಹಬ್ಬದ ದಿನವೇ, ಕ್ಯಾನ್ಸರ್‌ನಿಂದ ತೀರಿಕೊಂಡ. ಅಲ್ಲಿಯವರೆಗೆ ಕೂಡಿಟ್ಟ ಆರು ಸಾವಿರಕ್ಕೂ ಹೆಚ್ಚು ಫೋಟೋಗಳನ್ನು ಗೆಳೆಯರು ಆಮೇಲೆ ಪ್ರದರ್ಶನಕ್ಕಿಟ್ಟರು. ಅದರಲ್ಲಿ ಹೆಚ್ಚಿನವು ಊಟದ ಮೇಜು, ಗೆಳೆಯರು, ಕೋಣೆ, ಇಂಥವೇ.

ನಮ್ಮಲ್ಲೂ ಇಂಥ ಕಣ್ಣಿಗೆ ಬರವಿರಲಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರು (1923–2009) ದೊಡ್ಡ ದೊಡ್ಡ ಪತ್ರಿಕೆಗಳಿಗೆ ಕೆಲಸ ಮಾಡಿದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಆದರೂ ಜನ ಅವರನ್ನು ನೆನೆಯೋದು ಸಾಮಾನ್ಯರ, ಅದರಲ್ಲೂ ಮಕ್ಕಳ ಫೋಟೋಗಳಿಗಾಗಿ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟ, ಕಾಡುಗಳಲ್ಲಿ ಹಕ್ಕಿಗಳ ಹಿಂದೆ ಬಿದ್ದವರು. ಹವ್ಯಾಸಿಗಳನ್ನು ಒಟ್ಟುಗೂಡಿಸಿದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಗಿದ್ದು 1971ರಲ್ಲಿ. ಆಗೆಲ್ಲ ಫಿಲ್ಮ್ ರೋಲಿನ ಕಾಲ. 35 ಎಂಎಂ ರೋಲಾದರೆ 36 ಫೋಟೋ, 120ರ ರೋಲಿನಲ್ಲಿ ಚೌಕಾಕಾರದವು ಬರೀ 12. ಮುಗಿದರೆ ಮುಗೀತು. ಹಾಗಾಗಿ ಒತ್ತುವ ಮುಂಚೆ ಒಂದು ಕ್ಷಣ ನೋಡ್ತಿದ್ರು. ನಮಗೆ ಆ ಕಡಿವಾಣ ಇಲ್ಲ, ನಾವೇ ಹಾಕಿಕೊಳ್ಳಬೇಕು. ದಿನಕ್ಕೆ ಒಂದೇ ಅನ್ನೋ ನಿಯಮದ ಲಾಭ ಅದೇ.

ತಾರಸಿ ಮೇಲಿನ ಸೂರ್ಯ

ಮೊದಲ ವರ್ಷ ಬಹಳಷ್ಟು ದಿನ ನಾನು ತೆಗೆದದ್ದು ನಮ್ಮ ತಾರಸಿಯಿಂದ ಕಾಣೋ ಸೂರ್ಯೋದಯ. ಏಳೋಕೆ ಸೋಮಾರಿಯಾಗಿದ್ದರೆ ಮೆಟ್ಟಿಲು ಹತ್ತಿದರೆ ಸಾಕಲ್ಲ! ವರ್ಷ ತುಂಬಿದ ಮೇಲೆ ಅವನ್ನೆಲ್ಲ ಸಾಲಾಗಿ ಜೋಡಿಸಿ ನೋಡಿದೆ. ಸೂರ್ಯ ಒಂದು ಕಡೆ ಹುಟ್ಟಲೇ ಇಲ್ಲ. ಜೂನ್ ಕೊನೆಗೆ ಎಡಗಡೆಯ ತೆಂಗಿನಮರದ ಹತ್ತಿರ, ಡಿಸೆಂಬರ್ ಕೊನೆಗೆ ಬಲಗಡೆಯ ಮೊಬೈಲ್ ಟವರ್ ಆಚೆ. ಬೆಂಗಳೂರಿನಲ್ಲಿ ಈ ಎರಡು ತುದಿಗಳ ನಡುವೆ ಹತ್ತಿರ ಹತ್ತಿರ 48 ಡಿಗ್ರಿ ಅಂತರ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಸೂರ್ಯ ಐದು ಮುಷ್ಟಿಯಷ್ಟು ಜಾಗದಲ್ಲಿ ವರ್ಷವಿಡೀ ಓಡಾಡ್ತಾನೆ. ಉತ್ತರಾಯಣ, ದಕ್ಷಿಣಾಯನ ಅಂತ ಪಂಚಾಂಗದಲ್ಲಿ ಓದಿದ್ದು ನನ್ನ ಫೋನಿನಲ್ಲೇ ಕಂಡಿತು. ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21–22ಕ್ಕೆ, ನಾವು ಎಳ್ಳುಬೆಲ್ಲ ಬೀರೋದು ಜನವರಿಯಲ್ಲಿ, ಅನ್ನೋದೂ ಕಂಡಿತು.

ಇನ್ನೊಂದು ವಿಷಯ. ಎರಡು ತುದಿ ಬಿಟ್ಟರೆ, ಯಾವ ಮನೆಯ ನೀರಿನ ಟ್ಯಾಂಕ್ ಹಿಂದೆ ಸೂರ್ಯ ಒಮ್ಮೆ ಹುಟ್ಟಿದರೂ ಅದೇ ವರ್ಷ ಇನ್ನೊಮ್ಮೆ ಅಲ್ಲೇ ಹುಟ್ಟುತ್ತಾನೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ.

ಇದನ್ನು ನೋಡಿದಾಗ ನೆನಪಾಗಿದ್ದು ನಮ್ಮ ಪಕ್ಕದ ಗವಿಪುರದ ಗಂಗಾಧರೇಶ್ವರ. ಸಂಕ್ರಾಂತಿ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗ ಮುಟ್ಟೋದನ್ನು ನೋಡೋಕೆ ಅಲ್ಲಿ ಎಷ್ಟು ಜನ ಸೇರ್ತಾರೆ ಅಂತ ನಿಮಗೂ ಗೊತ್ತು. ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಇದರ ಮೇಲೆ ಅಧ್ಯಯನ ಮಾಡಿದ್ದಾರೆ. ಬಿಸಿಲು ಹೀಗೆ ಒಳಗೆ ಬರೋದು ವರ್ಷಕ್ಕೆ ಎರಡು ಸಲ, ಜನವರಿ ನಡುವೆ ಒಮ್ಮೆ, ನವೆಂಬರ್ ಕೊನೆಗೆ ಒಮ್ಮೆ. ನೀರಿನ ಟ್ಯಾಂಕಿನದೇ ಲೆಕ್ಕ. ನವೆಂಬರ್‌ನದಕ್ಕೆ ಜನಜಂಗುಳಿ ಇಲ್ಲ, ಅಷ್ಟೇ.

ಆ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು ಬೇರೆ ಒಂದು ಸಂಗತಿ. 1792ರಲ್ಲಿ ಥಾಮಸ್ ಡೇನಿಯಲ್, ವಿಲಿಯಂ ಡೇನಿಯಲ್ ಅನ್ನೋ ಇಂಗ್ಲಿಷ್ ಚಿತ್ರಕಾರರು ಈ ದೇವಸ್ಥಾನದ ಚಿತ್ರ ಬರೆದಿದ್ದರು. ಇಬ್ಬರೂ ಚಿಕ್ಕಪ್ಪ–ಮಗ ವರಸೆಯವರು, ದೇಶ ಸುತ್ತುತ್ತಾ ಕಣ್ಣಿಗೆ ಚೆಂದ ಕಂಡದ್ದನ್ನು ಬರೆದುಕೊಂಡು ಹೋದವರು. ಇನ್ನೂರಕ್ಕೂ ಹೆಚ್ಚು ವರ್ಷದ ನಂತರ ಅದೇ ಚಿತ್ರಗಳನ್ನು ಈಗಿನ ಕಟ್ಟಡದ ಪಕ್ಕ ಇಟ್ಟು, ಯಾವ ಭಾಗ ಆಮೇಲೆ ಸೇರಿದ್ದು, ಎಲ್ಲಿ ಬದಲಾಗಿದೆ ಅಂತ ಈ ತಂಡ ಗುರುತಿಸಿತು. ಚಿತ್ರ ಬರೆದವರಿಗೆ ಖಗೋಳದ ಲೆಕ್ಕ ತಲೆಯಲ್ಲಿ ಇದ್ದಿರಲಾರದು. ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟರು. ಅದು ಯಾರಿಗೆ, ಯಾವಾಗ, ಯಾತಕ್ಕೆ ಬೇಕಾಯಿತು ನೋಡಿ.

ಮೂರು ಮನೆ ಆಚೆ

ನಮ್ಮ ರಸ್ತೆಯಲ್ಲೂ ಹಾಗೇ ಆಯಿತು, ಸಣ್ಣ ಮಟ್ಟದಲ್ಲಿ. ಮೂರು ಮನೆ ಆಚೆ ನಲವತ್ತು–ಅರವತ್ತರ ಸೈಟಿನಲ್ಲಿ ಹಳೇ ಕಾಲದ ಒಂದಂತಸ್ತಿನ ಮನೆ ಇತ್ತು. ಕೆಂಪು ನೆಲದ ಜಗಲಿ, ಕಬ್ಬಿಣದ ಗೇಟು, ಕಾಂಪೌಂಡ್ ಮೇಲೆ ಬಾಗಿದ ದಾಸವಾಳ. ಅಜ್ಜಿ, ತಾತ ಇಬ್ಬರೇ ಇದ್ದರು. ತಾತ ತೀರಿಕೊಂಡ ಮೇಲೆ ಮಕ್ಕಳು ಮಾತಾಡಿಕೊಂಡು ಬಿಲ್ಡರ್‌ಗೆ ಕೊಟ್ಟರು. ಅಜ್ಜಿ ಉತ್ತರಹಳ್ಳಿ ಕಡೆ ಮಗಳ ಫ್ಲಾಟಿಗೆ ಹೋದರು. ಜೆಸಿಬಿ ಬಂತು, ಎರಡು ದಿನದಲ್ಲಿ ಮನೆ ನೆಲಸಮ. ಈಗ ಅಲ್ಲಿ ಸ್ಟಿಲ್ಟ್ ಪಾರ್ಕಿಂಗ್ ಮೇಲೆ ನಾಲ್ಕು ಅಂತಸ್ತು ಎದ್ದಿದೆ.

ಕೆಲವು ತಿಂಗಳಾದ ಮೇಲೆ ಅಜ್ಜಿ ನಮ್ಮನೆ ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಬಂದಿದ್ದರು. ಹೊರಡುವಾಗ ಕೇಳಿದರು, 'ನೀನು ದಿನಾ ಬೆಳಿಗ್ಗೆ ಫೋನ್ ಹಿಡ್ಕೊಂಡು ನಿಂತಿರ್ತಿದ್ಯಲ್ಲಪ್ಪ, ನಮ್ಮನೇದು ಯಾವ್ದಾದ್ರೂ ಸಿಗತ್ತಾ?'

ಅವರ ಹತ್ತಿರ ಆಲ್ಬಂ ಇದೆ. ಮಗಳ ಮದುವೆ, ಮೊಮ್ಮಗನ ನಾಮಕರಣ ಎಲ್ಲ ಇವೆ. ಅದರಲ್ಲೆಲ್ಲ ಜನ ಇದ್ದಾರೆ, ಹಿಂದಿನ ಮನೆ ಮಾತ್ರ ಕಾಣಲ್ಲ. ನಾನೂ ಆ ಮನೆಯ ಫೋಟೋ ಅಂತ ಯಾವತ್ತೂ ತೆಗೆದವನಲ್ಲ. ಆ ರಾತ್ರಿ ಹುಡುಕಲು ಕೂತೆ. ನೀರಿನ ಟ್ಯಾಂಕರ್ ತೆಗೆದ ದಿನ ಹಿಂದೆ ಅವರ ಗೇಟಿತ್ತು. ಜೋರು ಮಳೆಯ ದಿನ ಬಲಮೂಲೆಯಲ್ಲಿ ಅವರ ಜಗಲಿ ದೀಪ. ಬೀದಿನಾಯಿ ಮಲಗಿದ್ದು ಅವರ ಮೆಟ್ಟಿಲ ಮೇಲೆ. ಸೊಪ್ಪಿನವರ ಗಾಡಿಯ ಹಿಂದೆ ದಾಸವಾಳ. ಎಣಿಸಿದರೆ ಅರವತ್ತೊಂದು ಫೋಟೋಗಳ ಅಂಚಿನಲ್ಲಿ ಆ ಮನೆ ಇತ್ತು. ಒಂದರಲ್ಲಿ ಬೆಳಗಿನ ಹೊತ್ತು ಜಗಲಿ ದೀಪ ಆರಿಸೋಕೆ ಸ್ವಿಚ್ಚಿನ ಕಡೆ ಚಾಚಿದ ತಾತನ ಕೈ. ಮುಖ ಇಲ್ಲ, ಬರೀ ಕೈ.

ಹನ್ನೆರಡನ್ನು ಆರಿಸಿ ಪ್ರಿಂಟ್ ಹಾಕಿಸಿ ಕೊಟ್ಟೆ. ಟ್ಯಾಂಕರ್, ನಾಯಿ, ಗಾಡಿ ಯಾವುದನ್ನೂ ಅವರು ನೋಡಲಿಲ್ಲ. ಬೆರಳು ನೇರ ಮೂಲೆಗೆ ಹೋಗ್ತಿತ್ತು. 'ಈ ಕೊಂಡಿ ಸರಿ ಕೂರ್ತಿರ್ಲಿಲ್ಲ ನೋಡು, ಎತ್ತಿ ಹಾಕ್ಬೇಕಿತ್ತು' ಅಂದರು. ಕೈ ಇದ್ದ ಫೋಟೋ ಬಂದಾಗ ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಕೊನೆಗೆ, 'ಹಿತ್ತಲ ಒಗೆಯೋ ಕಲ್ಲು ಬಂದಿಲ್ವೇನೋ?' ಅಂತ ಕೇಳಿದರು. ಅದು ಮನೆ ಹಿಂದಿತ್ತು, ರಸ್ತೆಗೆ ಕಾಣ್ತಿರಲಿಲ್ಲ. ಯಾವ ಫೋಟೋದಲ್ಲೂ ಇಲ್ಲ.

ನಾನು ಮುಂದುವರಿಸ್ತಿರೋ ಕಾರಣ ಇದೇ. ನಾವು ಯಾವುದನ್ನು ನೋಡಿ ಕ್ಲಿಕ್ ಮಾಡ್ತೀವೋ, ಮುಂದೆ ಬೇಕಾಗೋದು ಅದೇ ಆಗಬೇಕಂತಿಲ್ಲ. ನಮ್ಮ ಕಸುಬಿನವರಿಗೆ ಇದು ಗೊತ್ತಿರೋ ವಿಷಯವೇ. ಸರ್ವರ್ ಲಾಗ್ ಬರೆಯೋದು ಇವತ್ತು ಓದೋಕಲ್ಲ. ಎಂದೋ ಒಂದು ರಾತ್ರಿ ಏನೋ ಕೆಟ್ಟಾಗ, ಆ ಹೊತ್ತಿಗೆ ಏನಿತ್ತು ಅಂತ ತಿಳಿಯೋಕೆ. ಯಾವ ಸಾಲು ಬೇಕಾಗತ್ತೆ ಅಂತ ಬರೆಯುವಾಗ ಗೊತ್ತಿರಲ್ಲ, ಹಾಗಾಗಿ ದಿನಾ ಬರೀತೀವಿ.

ಈ ಲಾಗ್ ನಮ್ಮ ಬಗ್ಗೆಯೂ ಹೇಳತ್ತೆ. ಹೋದ ಮಾರ್ಚ್‌ನಲ್ಲಿ ಒಂದು ರಿಲೀಸ್ ಇತ್ತು. ತಿಂಗಳ ಕೊನೆಗೆ ನೋಡಿದರೆ ಸತತ ಒಂಬತ್ತು ದಿನ ಮನೆಯೊಳಗಿನ ಫೋಟೋಗಳೇ: ಕಾಫಿ ಲೋಟ, ಮಾನಿಟರ್, ಕಿಟಕಿ ಸರಳು. ಹತ್ತನೇ ದಿನ ಸಾರಕ್ಕಿ ಮಾರುಕಟ್ಟೆಗೆ ಹೋಗಿ ಸೊಪ್ಪು ತಂದೆ. ಆ ದಿನದ ಫೋಟೋ ಅಷ್ಟೇನೂ ಚೆನ್ನಾಗಿಲ್ಲ, ಆದರೆ ಅದರಲ್ಲಿ ಬಿಸಿಲಿದೆ.

ಶುರು ಮಾಡೋರಿಗೆ

ಮೊದಲು ಲೆನ್ಸ್ ಒರೆಸಿ. ಜೇಬಿನಲ್ಲಿದ್ದ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತೆ, ಮಸುಕಾದ ಅರ್ಧ ಫೋಟೋಗಳಿಗೆ ಕಾರಣ ಅದೇ. ಜೂಮ್ ಬೇಡ, ಕ್ರಾಪ್ ಬೇಡ. ಅಕ್ಕಪಕ್ಕದ್ದೂ ಬರಲಿ, ಮನೆ ಸಿಕ್ಕಿದ್ದು ಅಲ್ಲೇ ಅಲ್ವಾ. ರಾತ್ರಿ ತೆಗೆಯುವಾಗ ಫೋನು ಹಲವು ಫೋಟೋ ತೆಗೆದು ಒಂದಕ್ಕೊಂದು ಬೆರೆಸತ್ತೆ, ಅದಕ್ಕೆ ಎರಡು–ಮೂರು ಸೆಕೆಂಡ್ ಬೇಕು. ಗೇಟಿಗೋ ಕಂಬಕ್ಕೋ ಕೈ ಆನಿಸಿ ಅಲುಗಾಡದೆ ನಿಲ್ಲಿ.

ಒಂದು ಸಾಲು ಬರೆಯಿರಿ. ತಾರೀಖು, ಗಂಟೆ ಫೈಲಿನಲ್ಲೇ ಇರತ್ತೆ. 'ಇವತ್ತು ಹೊಂಗೆ ಚಿಗುರಿತು', 'ಬೀದಿದೀಪ ಹಳದಿ ಹೋಗಿ ಬಿಳಿ ಆಯ್ತು', 'ರಾಹುಕಾಲ, ಬನಶಂಕರಿ ದೇವಸ್ಥಾನದ ಹೊರಗೆ ನಿಂಬೆಹಣ್ಣು ದುಬಾರಿ' — ಇದನ್ನು ಫೋನು ಬರೆಯಲ್ಲ.

ವಿಷಯ ಸಿಗಲಿಲ್ಲ ಅಂದರೆ ಆಕಾಶ ಇದೆ, ಮರ ಇದೆ. ಏಪ್ರಿಲ್ 24–25ರ ಸುಮಾರಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಹನ್ನೆರಡೂ ಕಾಲರ ಹೊತ್ತಿಗೆ ಒಂದು ಲೋಟ ಬೋರಲು ಹಾಕಿ ತೆಗೆಯಿರಿ, ನೆರಳು ಪಕ್ಕಕ್ಕೆ ಬೀಳಲ್ಲ. ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಬರತ್ತೆ, ಮೋಡ ಬಿಟ್ಟರೆ.

ಜಾಗದ ಚಿಂತೆ ಬೇಡ. ಗೂಗಲ್ ಫೋಟೋಸ್‌ನ ಅನ್‌ಲಿಮಿಟೆಡ್ ಉಚಿತ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು, ನಿಜ. ಆದರೆ ಒಂದು ಫೋಟೋ 4 ಎಂಬಿ ಅಂದುಕೊಂಡರೂ ದಿನಕ್ಕೊಂದರಂತೆ ವರ್ಷಕ್ಕೆ ಒಂದೂವರೆ ಜಿಬಿ ಆಗಲ್ಲ. ಬೇರೇನೂ ತುಂಬದಿದ್ದರೆ ಉಚಿತವಾಗಿ ಸಿಗೋ 15 ಜಿಬಿಯಲ್ಲಿ ಹತ್ತು ವರ್ಷ ಹಿಡಿಯತ್ತೆ. ಇನ್ನೊಂದು ಪ್ರತಿ ಹಾರ್ಡ್‌ಡಿಸ್ಕ್‌ನಲ್ಲಿ ಇರಲಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಚಿಕ್ಕದು ಮಾಡತ್ತೆ. ವರ್ಷಕ್ಕೆ ಹನ್ನೆರಡನ್ನಾದರೂ ಪ್ರಿಂಟ್ ಹಾಕಿಸಿ. ಅಜ್ಜಿಯಂಥವರ ಕೈಗೆ ಲಿಂಕ್ ಕೊಟ್ಟರೆ ಪ್ರಯೋಜನ ಇಲ್ಲ.

ಜನರ ಹತ್ತಿರ ಹೋಗಿ ತೆಗೆಯುವಾಗ ಕೇಳಿ. ಬೇಡ ಅಂದರೆ ಬಿಡಿ, ಅವರ ಹತ್ತಿರ ಹೂವು ಕೊಂಡು ಹೂವಿನ ಫೋಟೋ ತೆಗೆದುಕೊಳ್ಳಿ. ಬೇರೆಯವರ ಮಕ್ಕಳ ಫೋಟೋ, ಮನೆ ನಂಬರ್ ಕಾಣೋ ಫೋಟೋ ಇಂಟರ್‌ನೆಟ್‌ಗೆ ಹಾಕಬೇಡಿ. ಲೊಕೇಶನ್ ಆನ್ ಇದ್ದರೆ ತೆಗೆದ ಜಾಗವೂ ಫೈಲಿನೊಳಗೆ ಕೂತಿರತ್ತೆ ಅನ್ನೋದು ನೆನಪಿರಲಿ. ಅಸಲಿಗೆ ಇದನ್ನು ಯಾರಿಗೂ ತೋರಿಸಲೇಬೇಕಂತಿಲ್ಲ. ಲೈಕ್ ಬರೋ ಫೋಟೋ ಹುಡುಕಲು ಹೊರಟರೆ ಮತ್ತೆ ಮದುವೆ, ಟ್ರಿಪ್ಪಿಗೇ ಬಂದು ನಿಲ್ತೀವಿ.

ಒಂದು ದಿನ ತಪ್ಪಿತು ಅಂತಿಟ್ಟುಕೊಳ್ಳಿ. ಹಳೇದೊಂದನ್ನು ತಂದು ತುಂಬಬೇಡಿ, ಖಾಲಿ ಬಿಡಿ. ಖಾಲಿ ದಿನವೂ ಏನೋ ಹೇಳತ್ತೆ.

ಇವತ್ತು ಆಫೀಸು ಮುಗಿಸಿ ಬಂದಾಗ ನಿಮ್ಮನೆ ಗೇಟಿನ ಹತ್ತಿರ ಅರ್ಧ ನಿಮಿಷ ನಿಲ್ಲಿ. ನಿಮಗೆ ಯಾವುದು ಇಷ್ಟವೋ ಅದನ್ನೇ ತೆಗೆಯಿರಿ. ಒಂದು ಹೆಜ್ಜೆ ಹಿಂದೆ ಹೋಗಿ ತೆಗೆದರೆ ಎದುರುಮನೆಯೂ ಬರತ್ತೆ. ಬರಲಿ. ಸಾಧ್ಯವಾದರೆ ಒಮ್ಮೆ ಹಿತ್ತಲ ಕಡೆಗೂ ಹೋಗಿ ಬನ್ನಿ.