ಆಯ್ದ ಮಕ್ಕಳ ಶಾಲೆ, ಉಳಿದ ಮಕ್ಕಳ ಶಾಲೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ತಾಲ್ಲೂಕುಗಳಲ್ಲಿ ಶಾಲೆಗಳ ಹೋಲಿಕೆ ಶುರುವಾಗುತ್ತದೆ. ಆದರ್ಶ ವಿದ್ಯಾಲಯಕ್ಕೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಶಹಬ್ಬಾಸ್‌ಗಿರಿ. ಊರಿನ ಸರ್ಕಾರಿ ಶಾಲೆಗೆ ಬೈಗುಳ. ‘ಎಲ್ಲವೂ ಸರ್ಕಾರದ್ದೇ, ಅವರಿಗೆ ಆಗಿದ್ದು ಇವರಿಗೇಕೆ ಆಗದು?’ ಎಂಬ ಪ್ರಶ್ನೆ ಬೇರೆ. ಈ ಹೋಲಿಕೆಯ ಬುಡದಲ್ಲೇ ದೋಷವಿದೆ ಎನ್ನುವುದು ನನ್ನ ಅನಿಸಿಕೆ.

5ನೇ ತರಗತಿ ಮುಗಿಸಿದ ಮಗುವಿನ ಮುಂದೆ ಸರ್ಕಾರವೇ ಹಲವು ಬಾಗಿಲುಗಳನ್ನು ಇಟ್ಟಿದೆ. ನವೋದಯ ವಿದ್ಯಾಲಯದಲ್ಲಿ 6ರಿಂದ 12ನೇ ತರಗತಿ, ಆದರ್ಶ ಮತ್ತು ಮೊರಾರ್ಜಿ ಶಾಲೆಗಳಲ್ಲಿ 6ರಿಂದ 10ನೇ ತರಗತಿವರೆಗೆ ಓದಬಹುದು. ಆದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಇದಕ್ಕೆಂದೇ ಹತ್ತು ವರ್ಷದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳಿಗೆ ಕಳಿಸುವ ಪೋಷಕರಿದ್ದಾರೆ. ಊರಿನ ಹಿರಿಯ ಪ್ರಾಥಮಿಕ ಶಾಲೆ ಮಾತ್ರ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಗುಳೆ ಹೋಗಿ ವರ್ಷದ ನಡುವೆ ಮರಳಿದ ಮಗುವಿಗೂ ಅಲ್ಲಿ ಜಾಗವಿದೆ.

ಎಂಜಿನಿಯರಿಂಗ್‌ನಲ್ಲಿ ಯಂತ್ರದ ದಕ್ಷತೆ ಅಳೆಯುವಾಗ ಹೊರಬಂದದ್ದನ್ನಷ್ಟೇ ನೋಡುವುದಿಲ್ಲ. ಒಳಗೆ ಕೊಟ್ಟದ್ದೆಷ್ಟು ಎಂದೂ ನೋಡುತ್ತೇವೆ. ಮಕ್ಕಳು ಯಂತ್ರಗಳಲ್ಲ, ನಿಜ. ಆದರೆ ಭಾಗಾಕಾರ ಬಾರದೆ 6ನೇ ತರಗತಿಗೆ ಬಂದವಳು ಎರಡು ವರ್ಷಗಳಲ್ಲಿ ಭಿನ್ನರಾಶಿ ಕಲಿತರೆ, ಆ ಶಾಲೆ ಮಾಡಿದ ಕೆಲಸ ಯಾವ ಶೇಕಡಾವಾರು ಪಟ್ಟಿಯಲ್ಲೂ ಕಾಣುವುದಿಲ್ಲ.

ಹಾಗಾದರೆ ಹೋಲಿಸಬೇಕಾದದ್ದೇನು? ಮೊದಲಿಗೆ, ಶಿಕ್ಷಕರನ್ನು. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ 6ರಿಂದ 8ನೇ ತರಗತಿಗೆ ವಿಜ್ಞಾನ–ಗಣಿತ, ಸಮಾಜ ವಿಜ್ಞಾನ, ಭಾಷೆಗಳಿಗೆ ತಲಾ ಒಬ್ಬರಾದರೂ ಶಿಕ್ಷಕರಿರಬೇಕು. 35 ಮಕ್ಕಳಿಗೆ ಕನಿಷ್ಠ ಒಬ್ಬರು ಬೇಕು. ಈ ತರಗತಿಗಳಿಗೆಂದೇ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ರಾಜ್ಯ ಸರ್ಕಾರ 2022ರಲ್ಲಿ ಅರ್ಜಿ ಕರೆಯಿತು. ಕೊರತೆ ಎಷ್ಟಿತ್ತು ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ. ಹುದ್ದೆ ಖಾಲಿ ಇದ್ದಲ್ಲಿ ಅತಿಥಿ ಶಿಕ್ಷಕರೇ ಗತಿ. ಅವರು ಬರುವುದು ಶಾಲೆ ಶುರುವಾದ ಮೇಲೆ. ಬೀಜಗಣಿತ ಶುರುವಾಗುವ ವಯಸ್ಸಿನಲ್ಲಿ ಗಣಿತ ಶಿಕ್ಷಕರಿಲ್ಲದಿದ್ದರೆ, ಹೈಸ್ಕೂಲಿನಲ್ಲಿ ಎಷ್ಟೇ ವಿಶೇಷ ತರಗತಿ ನಡೆಸಿದರೂ ಆ ತಳಪಾಯ ಸುಲಭವಾಗಿ ಸಿಗದು.

ತಪ್ಪು ಹೋಲಿಕೆಯಿಂದ ನಷ್ಟವೂ ಇದೆ. ‘ಅಲ್ಲಿ ಓದಿಲ್ಲ’ ಎಂಬ ಹೆಸರು ಬಿದ್ದ ಶಾಲೆಯನ್ನು ಮೊದಲು ಬಿಡುವವರು ಕೇಳುವ ಶಕ್ತಿಯಿರುವ ಪೋಷಕರು. ಶಾಲಾಭಿವೃದ್ಧಿ ಸಮಿತಿಯಲ್ಲಿ ಶಿಕ್ಷಕರಿಗಾಗಿ ಒತ್ತಾಯಿಸಬೇಕಾದವರೂ ಅವರೇ. ಮಕ್ಕಳ ಸಂಖ್ಯೆ ಇಳಿದಾಗ ವಿಲೀನದ ಮಾತು ಬರುತ್ತದೆ. ಶಾಲೆ ದೂರವಾದಾಗ ಮೊದಲು ಮನೆಯಲ್ಲಿ ಉಳಿಯುವವರು ಹೆಣ್ಣುಮಕ್ಕಳು.

ಆಯ್ದ ಮಕ್ಕಳ ಶಾಲೆಗಳು ಬೇಡ ಎನ್ನುತ್ತಿಲ್ಲ. ಎಷ್ಟೋ ಬಡ ಮನೆಗಳ ಮಕ್ಕಳಿಗೆ ಅವು ದಾರಿಯಾಗಿವೆ. ಅವುಗಳ ಫಲಿತಾಂಶವನ್ನು ಊರಶಾಲೆಗೆ ಅಳತೆಗೋಲು ಮಾಡಬೇಡಿ ಎಂಬುದಷ್ಟೇ ನನ್ನ ಮಾತು. ಪ್ರತಿ ಜೂನ್‌ನಲ್ಲಿ ತಾಲ್ಲೂಕಿನ ಎಲ್ಲ ಹಿರಿಯ ಪ್ರಾಥಮಿಕ ಶಾಲೆಗಳ ಪಟ್ಟಿ ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಬರಲಿ: ಗಣಿತ ಶಿಕ್ಷಕರು ಇದ್ದಾರೆಯೇ, ಹುದ್ದೆ ಎಂದಿನಿಂದ ಖಾಲಿ, 6ನೇ ತರಗತಿಗೆ ಸೇರುವಾಗ ಮಕ್ಕಳಿಗೆ ಏನು ಬರುತ್ತಿತ್ತು, ವರ್ಷದ ಕೊನೆಗೆ ಏನು ಬರುತ್ತಿದೆ. ಆಗ ಯಾವ ಶಾಲೆ ಹಿಂದಿದೆ ಎಂಬುದರ ಜೊತೆಗೆ, ಅದನ್ನು ಹಿಂದೆ ಬಿಟ್ಟವರು ಯಾರು ಎಂಬುದೂ ಊರಿಗೆ ಗೊತ್ತಾಗುತ್ತದೆ.