ನಾಯಿಗೆ ಹಕ್ಕಿ ಬೋರ್ ಹೊಡೀಬೇಕು

ಆ ಥರದ ರೀಲ್ ನೀವೂ ನೋಡಿರ್ತೀರ. ಸೋಫಾ ಮೇಲೆ ದೊಡ್ಡ ನಾಯಿ ಮಲಗಿರುತ್ತೆ, ಅದರ ತಲೆ ಮೇಲೆ ಒಂದು ಪುಟ್ಟ ಹಕ್ಕಿ ಕೂತು ಕಿವಿ ಕಚ್ಚುತ್ತಿರುತ್ತೆ, ಹಿನ್ನೆಲೆಯಲ್ಲಿ ಯಾವುದೋ ಮೆಲೋಡಿ. ಕೆಳಗೆ ಸಾವಿರಾರು ಹಾರ್ಟ್. ನಾನೂ ಹಾರ್ಟ್ ಒತ್ತಿದವನೇ. ಈಗ ಒತ್ತಲ್ಲ. ಯಾಕೆ ಅಂತ ಹೇಳೋಕೇ ಈ ಲೇಖನ.

ನನ್ನ ವಾದ ಇಷ್ಟೇ. ನಾಯಿ ಇರೋ ಮನೆಗೆ ಹಕ್ಕಿ ತಂದಾಗ ಅವೆರಡನ್ನೂ ಫ್ರೆಂಡ್ಸ್ ಮಾಡಬೇಕು ಅಂತ ಹೊರಡೋದೇ ತಪ್ಪು. ಹಕ್ಕಿ ಅನ್ನೋದು ನಾಯಿಗೆ ಮನೆಯ ಫ್ರಿಜ್ ಥರ ಆಗಬೇಕು. ಇದೆ, ಆಗಾಗ ಸದ್ದು ಮಾಡುತ್ತೆ, ಅದರಲ್ಲಿ ನನಗೇನೂ ಕೆಲಸ ಇಲ್ಲ, ಅಷ್ಟೇ. ನಾಯಿಗೆ ಹಕ್ಕಿ ಬೋರ್ ಹೊಡೆದರೆ ನಾವು ಗೆದ್ದಂಗೆ.

ನಮ್ಮ ಮನೆ ಕಥೆ ಹೇಳ್ತೀನಿ. ನಮ್ಮ ಕೆಂಚ ಬೀದಿಯಲ್ಲಿ ಸಿಕ್ಕ ಮರಿ, ಈಗ ನಾಲ್ಕು ವರ್ಷ, ತೂಕ ಹದಿನೆಂಟು ಕೆ.ಜಿ. ಕಳೆದ ಸೆಮ್ ರಜೆಯಲ್ಲಿ ತಂಗಿಯ ಎಸ್ಸೆಸ್ಸೆಲ್ಸಿ ಮುಗಿದಿತ್ತು. ಗಿಳಿ ಬೇಕು ಅಂತ ಹಟ ಹಿಡಿದಳು. ನಮ್ಮ ಕಡೆಯ ಹಸಿರು ಗಿಳಿ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹಾಗಾಗಿ ಆಸ್ಟ್ರೇಲಿಯಾ ಮೂಲದ ಕಾಕಟೀಲ್ ತಂದೆವು. ತೂಕ ಸುಮಾರು ತೊಂಬತ್ತು ಗ್ರಾಂ. ತಂಗಿ ಅದಕ್ಕೆ ಪುಟಾಣಿ ಅಂತ ಹೆಸರಿಟ್ಟಳು. "ನಾಯಿ ಇದ್ರೆ ಏನೂ ಆಗಲ್ಲ, ವಾರದಲ್ಲಿ ಫ್ರೆಂಡ್ಸ್ ಆಗ್ತಾವೆ" ಅಂದರು ಅಂಗಡಿಯವರು. ನಾನು ನಂಬಿದೆ. ಹತ್ತು ದಿನಕ್ಕೆ ರಜೆ ಮುಗೀತು, ಬ್ಯಾಗ್ ಹಿಡಿದು ಹಾಸ್ಟೆಲ್‌ಗೆ ಬಂದೆ.

ದಸರಾಕ್ಕೆ ಮನೆಗೆ ಹೋದಾಗ ಅಮ್ಮ, "ಕೆಂಚ ಈಗ ಪಂಜರದ ಕಡೆ ತಿರುಗೂ ನೋಡಲ್ಲ ಕಣೋ" ಅಂದರು. ನನಗೆ ಅಷ್ಟು ಸಾಕಾಯ್ತು. ತಂಗಿ ಕೈಗೆ ಫೋನ್ ಕೊಟ್ಟೆ, ಪುಟಾಣಿಯನ್ನ ಬೆರಳ ಮೇಲೆ ಕೂರಿಸಿಕೊಂಡೆ, ಕೆಂಚನನ್ನ ಕರೆದೆ. ಅವನು ಬಂದು ಎದುರಿಗೆ ಕೂತ, ಬಾಲ ಅಲ್ಲಾಡಿಸಿದ. ಪುಟಾಣಿ ಬೆದರಿ ರೆಕ್ಕೆ ಬಡಿದು ಹಾರಿತು. ಮುಂದಿನದು ನನಗೆ ಕಾಣಿಸಲೇ ಇಲ್ಲ, ಅಷ್ಟು ಬೇಗ. ಕೆಂಚನ ಬಾಯಲ್ಲಿ ಬಾಲದ ಮೂರು ಗರಿ ಇತ್ತು. ಪುಟಾಣಿ ಕರ್ಟನ್ ಮೇಲೆ ಬಾಯಿ ತೆರೆದು ಏದುಸಿರು ಬಿಡುತ್ತಾ ಕೂತಿತ್ತು. ತಂಗಿ ಅಳ್ತಾ ಇದ್ದಳು. ಅಪ್ಪ ಬಂದು ಕೆಂಚನಿಗೆ ಎರಡು ಬಿಟ್ಟರು. ಏಟು ಬೀಳಬೇಕಾಗಿದ್ದು ನನಗೆ.

ಹಕ್ಕಿಗಳು ತುಂಬ ಹೆದರಿದಾಗ ಬಾಲದ ಗರಿ ಸಡಿಲ ಬಿಟ್ಟು ತಪ್ಪಿಸಿಕೊಳ್ಳೋದುಂಟು. ಹಾಗೇ ಪುಟಾಣಿ ಉಳಿಯಿತು, ಗರಿಗಳೂ ಮತ್ತೆ ಬಂದವು. ಆದರೆ ಎರಡು ದಿನ ಅದು ಸರಿಯಾಗಿ ತಿನ್ನಲಿಲ್ಲ, ವಾರಗಟ್ಟಲೆ ಬೆರಳಿಗೆ ಬರಲಿಲ್ಲ.

ಆ ವಿಡಿಯೋ ಹನ್ನೊಂದು ಸೆಕೆಂಡ್. ಆಮೇಲೆ ಅದನ್ನ ಸ್ಲೋ ಮೋಷನ್‌ನಲ್ಲಿ ತುಂಬ ಸಲ ನೋಡಿದೆ. ಎಲ್ಲಾ ಅದರಲ್ಲೇ ಇದೆ. ಕೆಂಚನ ಬಾಯಿ ಮುಚ್ಚಿದೆ, ಮೈ ಬಿಗಿದಿದೆ, ಕಿವಿ ಮುಂದಕ್ಕೆ, ಕಣ್ಣು ಮಿಟುಕಿಸದೆ ಒಂದೇ ಕಡೆ. ಬಾಲ ಅಲ್ಲಾಡ್ತಿದೆ ನಿಜ, ಆದರೆ ಕೋಲಿನ ಥರ ಸೆಟೆದುಕೊಂಡು. ಬಾಲ ಅಲ್ಲಾಡಿಸಿದರೆ ಖುಷಿ ಅಂತ ನಾವು ಚಿಕ್ಕಂದಿನಿಂದ ನಂಬಿದ್ದೀವಿ. ಅದು ಉದ್ರೇಕ ಅಷ್ಟೇ. ಖುಷಿಯಿಂದಲೂ ಇರಬಹುದು, ಬೇಟೆಯಿಂದಲೂ ಇರಬಹುದು. ಇನ್ನು ಪುಟಾಣಿ ಕಡೆ ನೋಡಿದರೆ ಜುಟ್ಟು ನೆಟ್ಟಗೆ ನಿಂತಿದೆ, ಗರಿಗಳು ಮೈಗೆ ಅಂಟಿ ಅದು ತೆಳ್ಳಗೆ ಕಾಣ್ತಿದೆ. ಕದಲದೆ ಕೂತಿದ್ದಕ್ಕೆ "ಎಷ್ಟು ಸಮಾಧಾನವಾಗಿದೆ" ಅಂದುಕೊಂಡಿದ್ದೆ. ಭಯದಲ್ಲಿ ಕಲ್ಲಾಗೋದು ಬೇಟೆಗೆ ಸಿಗೋ ಪ್ರಾಣಿಗಳ ಹುಟ್ಟುಗುಣ.

ನಾಯಿಯ ಬೇಟೆಗೆ ಒಂದು ಸೀಕ್ವೆನ್ಸ್ ಇದೆ: ಗಮನಿಸು, ದಿಟ್ಟಿಸು, ಹೊಂಚು ಹಾಕು, ಅಟ್ಟಿಸಿಕೊಂಡು ಹೋಗು, ಹಿಡಿ, ಕೊಲ್ಲು. ಮನುಷ್ಯರು ಬೇರೆ ಬೇರೆ ತಳಿಗಳಲ್ಲಿ ಇದರ ಬೇರೆ ಬೇರೆ ಹಂತಗಳನ್ನ ಆರಿಸಿ ಬೆಳೆಸಿದ್ದಾರೆ. ಲ್ಯಾಬ್ರಡಾರ್ ಬಿದ್ದ ಹಕ್ಕಿಯನ್ನ ಹಾಳುಮಾಡದೆ ಬಾಯಲ್ಲಿ ತರೋಕೆ, ನಮ್ಮ ಮುಧೋಳ ಕಣ್ಣಿಗೆ ಬಿದ್ದದ್ದನ್ನ ಅಟ್ಟಿಸೋಕೆ. ಬೀದಿಯಲ್ಲಿ ಹುಟ್ಟಿದ ಕೆಂಚನಲ್ಲಿ ಏನೇನು ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. ಕೇಳೋ ಯೋಚನೆಯೂ ಬಂದಿರಲಿಲ್ಲ. ಪಂಜರದಲ್ಲಿ ಸುಮ್ಮನೆ ಕೂತ ಹಕ್ಕಿ ಬೇರೆ, ರೆಕ್ಕೆ ಬಡಿಯೋ ಹಕ್ಕಿ ಬೇರೆ. ಮೊದಲನೆಯದನ್ನ ಕಡೆಗಣಿಸೋಕೆ ಕಲಿತ ನಾಯಿ ಎರಡನೆಯದನ್ನೂ ಕಡೆಗಣಿಸುತ್ತೆ ಅಂತ ಗ್ಯಾರಂಟಿ ಇಲ್ಲ.

ಲೆಕ್ಕ ಹಾಕಿ ನೋಡಿ. ಹದಿನೆಂಟು ಕೆ.ಜಿ.ಗೂ ತೊಂಬತ್ತು ಗ್ರಾಂಗೂ ಇನ್ನೂರು ಪಟ್ಟು ವ್ಯತ್ಯಾಸ. ಅರವತ್ತು ಕೆ.ಜಿ.ಯ ನಾವು ಹನ್ನೆರಡು ಟನ್ ಪ್ರಾಣಿಯ ಎದುರಿಗೆ ಕೂತಂತೆ. ಹಕ್ಕಿಗೆ ನಮ್ಮ ಹಾಗೆ ವಪೆ ಇಲ್ಲ, ಎದೆಗೂಡನ್ನ ಹಿಗ್ಗಿಸಿ ಕುಗ್ಗಿಸಿಯೇ ಅದು ಉಸಿರಾಡೋದು. ನಾಯಿ ಕಚ್ಚಲೇಬೇಕಿಲ್ಲ, ಆಟಕ್ಕೆ ಪಂಜದಲ್ಲಿ ಒತ್ತಿ ಹಿಡಿದರೂ ಉಸಿರು ಕಟ್ಟುತ್ತೆ. ಅಂದರೆ ನಾಯಿ ಒಳ್ಳೇದಾ ಕೆಟ್ಟದ್ದಾ ಅನ್ನೋ ಪ್ರಶ್ನೆಯೇ ಇಲ್ಲಿ ಬರಲ್ಲ.

"ನಮ್ಮ ಕಸಿನ್ ಮನೇಲಿ ಎರಡೂ ಒಟ್ಟಿಗೆ ಮಲಗ್ತಾವೆ" ಅಂತ ಒಬ್ಬರಾದರೂ ಹೇಳ್ತೀರ. ಇರಬಹುದು, ನಾನು ಅಲ್ಲಗಳೆಯಲ್ಲ. ಆದರೆ ನಾವು ಎಂಜಿನಿಯರಿಂಗ್ ಓದೋರು. ಸಾವಿರ ಸಲ ಸರಿಹೋಗಿ ಒಂದು ಸಲ ತಪ್ಪಿದರೆ ಆ ಒಂದು ಸಲ ಏನಾಗುತ್ತೆ ಅಂತ ನೋಡಿ ಡಿಸೈನ್ ಮಾಡಬೇಕು. ಮೈಕ್ರೋವೇವ್ ಬಾಗಿಲು ತೆಗೆದ ತಕ್ಷಣ ಆಫ್ ಆಗುತ್ತೆ. ಬಳಸೋರು ಹುಷಾರಾಗಿರ್ತಾರೆ ಅಂತ ಅದು ನಂಬಿಕೊಂಡು ಕೂರಲ್ಲ. ಮನೆಯಲ್ಲೂ ಅಂಥದ್ದೇ ಇಂಟರ್‌ಲಾಕ್ ಬೇಕು: ನಾಯಿ ಇನ್ನೊಂದು ರೂಮಲ್ಲಿದ್ದು ನಡುವಿನ ಬಾಗಿಲು ಹಾಕಿದ್ದರೆ ಮಾತ್ರ ಪಂಜರದ ಬಾಗಿಲು ತೆಗೆಯೋದು. ವಿನಾಯಿತಿ ಇಲ್ಲ, ವಿಡಿಯೋಗಂತೂ ಇಲ್ಲವೇ ಇಲ್ಲ.

ಹಾಗಾದರೆ ಪರಿಚಯ ಮಾಡಿಸಲೇಬಾರದಾ? ಮಾಡಿಸಬೇಕು, ಆದರೆ ನಿಧಾನಕ್ಕೆ. ದಸರಾ ಆದಮೇಲೆ ನಾವು ಮೊದಲಿಂದ ಶುರು ಮಾಡಿದ್ದು ಹೀಗೆ. ಮೊದಲು ಬೇರೆ ಬೇರೆ ರೂಮು, ಸದ್ದು ಮತ್ತು ವಾಸನೆ ಮಾತ್ರ. ಆಮೇಲೆ ಪಂಜರ ಎತ್ತರದಲ್ಲಿ, ಅಲುಗದ ಜಾಗದಲ್ಲಿ. ಕೆಂಚನಿಗೆ ವಾಕಿಂಗ್ ಮುಗಿಸಿ, ಬೆಲ್ಟ್ ಹಾಕಿ, ಹಾಲ್‌ನ ಆ ಕೊನೆಯಲ್ಲಿ ಕೂರಿಸೋದು. ಅವನು ಹಕ್ಕಿಯನ್ನ ನೋಡಿ ತಾನಾಗೇ ಮುಖ ತಿರುಗಿಸಿದರೆ ಒಂದು ಚೂರು ಬೇಯಿಸಿದ ಮೊಟ್ಟೆ. ದಿಟ್ಟಿಸೋಕೆ ಶುರು ಮಾಡಿದರೆ ಬಯ್ಯೋ ಹಾಗಿಲ್ಲ, ಇನ್ನಷ್ಟು ದೂರ ಕರ್ಕೊಂಡು ಹೋಗೋದು. ಬೈದರೆ ಹಕ್ಕಿ ಇದ್ದಲ್ಲೆಲ್ಲ ನನಗೆ ಕಷ್ಟ ಅಂತ ಕಲಿಯುತ್ತೆ. ಐದೇ ನಿಮಿಷ, ದಿನಕ್ಕೆ ಎರಡು ಸಲ. ಪುಟಾಣಿ ಎದುರಿಗೇ ತಿಂತಾ, ಗರಿ ತಿದ್ದಿಕೊಳ್ತಾ ಇದ್ದರೆ ಮಾತ್ರ ಮರುದಿನ ಒಂದು ಹೆಜ್ಜೆ ಹತ್ತಿರ. ಕೆಲವು ನಾಯಿಗಳಿಗೆ ಇದು ಯಾವತ್ತೂ ಬರದೇ ಇರಬಹುದು. ಆಗ ಜೀವನಪೂರ್ತಿ ಬೇರೆ ರೂಮು, ಅದೂ ತಪ್ಪಲ್ಲ.

ಮೇಲಿನ ಪ್ಯಾರಾದಲ್ಲಿ "ನಾವು" ಅಂತ ಬರೆದಿದ್ದೀನಲ್ಲ, ಅದು ಸುಳ್ಳು. ನಾನು ರಜೆಯ ಮೂರು ದಿನ ಮಾಡಿದೆ. ಉಳಿದ ಎರಡೂವರೆ ತಿಂಗಳು ಮಾಡಿದ್ದು ಅಮ್ಮ. ಬೆಳಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಒಂದು ಸಲ, ಸಂಜೆ ಬಂದು ಒಂದು ಸಲ. ಪ್ರಾಣಿ ತರೋ ಖುಷಿ ನಮಗೆ, ಬಾಗಿಲು ಕಾಯೋ ಕೆಲಸ ಅವರಿಗೆ. ಹಾಸ್ಟೆಲ್‌ನಲ್ಲಿರೋ ನಮ್ಮಲ್ಲಿ ಎಷ್ಟು ಜನ ಮನೆಗೆ ನಾಯಿಮರಿ, ಮೀನು, ಲವ್ ಬರ್ಡ್ಸ್ ತಂದುಕೊಟ್ಟು ಸೆಮ್ ಶುರುವಾದ ತಕ್ಷಣ ಬಸ್ ಹತ್ತಿದ್ದೀವಿ, ಯೋಚನೆ ಮಾಡಿ. ಕಾಕಟೀಲ್ ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷದ ಮೇಲೂ ಬದುಕುತ್ತೆ. ನಮ್ಮ ಡಿಗ್ರಿ ನಾಲ್ಕೇ ವರ್ಷ. ತರೋ ಮುಂಚೆ ಮನೇಲಿ ಯಾರು ದಿನಾ ನೋಡಿಕೊಳ್ತಾರೆ ಅಂತ ಕೇಳಿ, ಅವರು ಹೂಂ ಅಂದಮೇಲೆ ತನ್ನಿ.

ಹೋದ ಭಾನುವಾರ ಫೋನ್ ಮಾಡಿದ್ದೆ. ಹಿಂದೆ ಪುಟಾಣಿಯ ಶಿಳ್ಳೆ ಜೋರಾಗಿ ಕೇಳಿಸ್ತಿತ್ತು.

"ಕೆಂಚ ಏನ್ ಮಾಡ್ತಿದಾನಮ್ಮ?"

"ಏನೂ ಇಲ್ಲ. ಅಲ್ಲೇ ಬಾಗಿಲ ಹತ್ರ ಮಲ್ಕೊಂಡು ಗೊರಕೆ ಹೊಡೀತಿದಾನೆ."

ಇದನ್ನ ರೀಲ್ ಮಾಡಿ ಹಾಕಿದರೆ ಹತ್ತು ಲೈಕೂ ಬರಲ್ಲ. ಪರವಾಗಿಲ್ಲ.